ಊರು ಒಗ್ಗುವುದೆಂದರೇನು?

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ನಮ್ಮ ಹಿರಿಯರ ಮಾತು. ಆದರೆ ಸುತ್ತಿ ನೋಡಿ ಹಿಂದಿರುಗುವುದು ಬೇರೆ. ಹೋಗಿ ನೆಲೆಸುವುದು ಬೇರೆ. ಕೆಲವು ವರ್ಷಗಳ ಹಿಂದೆ ನಮ್ಮ ನೆರೆಮನೆಯ ಹುಡುಗನೊಬ್ಬನು ಬೆಂಗಳೂರಿನಲ್ಲಿ ಪದವಿ ಮುಗಿಸಿ, ಮುಂದಿನ ಓದಿಗೆಂದು ಜೂನ್ ತಿಂಗಳಿನಲ್ಲಿ ದೆಹಲಿಗೆ ಹೋದನು. ಮೂರನೆಯ ದಿನವೇ ನಡುಹಗಲಿನ ಬಿಸಿಲಿನಲ್ಲಿ ಬಾಡಿಗೆಯ ಕೋಣೆಗಾಗಿ ಅಲೆಯುತ್ತಿದ್ದಾಗ ತಲೆಸುತ್ತಿ, ವಾಂತಿಯಾಗಿ, ಬೀದಿಯ ಬದಿಯಲ್ಲಿ ಕುಸಿದನು. ಅಂಗಡಿಯವನೊಬ್ಬನು ಅವನನ್ನು ನೆರಳಿಗೆ ಕರೆದೊಯ್ದು, ತಲೆಗೂ ಮೈಗೂ ನೀರು ಸುರಿದು ಉಪಚರಿಸದೆ ಇದ್ದಿದ್ದರೆ ಏನಾಗುತ್ತಿತ್ತೋ! ಆ ರಾತ್ರಿ ಅವನು ತಾಯಿಗೆ ಫೋನ್ ಮಾಡಿ, “ಅಮ್ಮಾ, ನನಗೆ ಈ ಊರು ಬೇಡ, ಬಂದುಬಿಡುತ್ತೇನೆ” ಎಂದನು. ಮರುದಿನ ಆಕೆ ನಮ್ಮ ಮನೆಗೆ ಬಂದು ಕೇಳಿದರು: “ಮೇಷ್ಟ್ರೇ, ನಮ್ಮ ಹುಡುಗನಿಗೆ ಆ ಊರು ಒಗ್ಗಲಿಲ್ಲ. ವಾಪಸು ಬಾ ಎಂದುಬಿಡಲೇ?”

‘ಒಗ್ಗು’ ಎಂಬ ಈ ಪುಟ್ಟ ಮಾತಿನಲ್ಲಿ ಶರೀರಶಾಸ್ತ್ರದ ಒಂದು ದೊಡ್ಡ ಅಧ್ಯಾಯವೇ ಅಡಗಿದೆ. ಊರು ಒಗ್ಗುವುದು ಅದೃಷ್ಟದ ಮಾತಲ್ಲ. ಅದು ನಮ್ಮ ದೇಹವೂ ಮಿದುಳೂ ಮಾಡುವ ಕೆಲಸ. ಆ ಕೆಲಸಕ್ಕೆ ಅದರದೇ ಆದ ಕಾಲ ಬೇಕು. ಅದು ಹೇಗೆ ನಡೆಯುತ್ತದೆಂಬುದನ್ನು ನೋಡೋಣ.

ಒಂದೇ ರೇಖೆ, ಬೇರೆ ಬಿಸಿಲು

ಬೆಂಗಳೂರಿನಿಂದ ದೆಹಲಿಗೆ ರೈಲಿನಲ್ಲಿ ಸುಮಾರು 2,400 ಕಿಲೋಮೀಟರು ದೂರ. ಭೂಪಟವನ್ನು ತೆರೆದು ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಬೆಂಗಳೂರು 77.6 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೆ ದೆಹಲಿ 77.2 ಡಿಗ್ರಿಯಲ್ಲಿದೆ. ಎಂದರೆ ಪ್ರಯಾಣಿಕನು ಹೆಚ್ಚುಕಡಿಮೆ ನೇರವಾಗಿ ಉತ್ತರಕ್ಕೆ ಹೋದಂತಾಯಿತು. ಎರಡು ಊರುಗಳಲ್ಲಿಯೂ ನಡುಹಗಲು ಬಹುಮಟ್ಟಿಗೆ ಒಂದೇ ಹೊತ್ತಿಗೆ ಆಗುತ್ತದೆ. ಆದರೂ ಹಗಲಿನ ಅಳತೆ ಒಂದೇ ಅಲ್ಲ. ಬೆಂಗಳೂರಿನಲ್ಲಿ ಅತಿ ದೀರ್ಘವಾದ ಹಗಲು 13 ಗಂಟೆಗೆ ತುಸು ಕಡಿಮೆ. ದೆಹಲಿಯಲ್ಲಿ ಸುಮಾರು 14 ಗಂಟೆ. ಡಿಸೆಂಬರಿನಲ್ಲಿ ಇದು ತಿರುವುಮುರುವಾಗಿ, ದೆಹಲಿಯ ಹಗಲು 10 ಗಂಟೆ 20 ನಿಮಿಷದಷ್ಟಕ್ಕೆ ಕುಗ್ಗುತ್ತದೆ.

ಭೋಪಾಲಿನ ಮಾರ್ಗವಾಗಿ ಹೋಗುವ ರೈಲು ಆ ಊರನ್ನು ದಾಟಿದ ಸ್ವಲ್ಪ ಹೊತ್ತಿಗೆಲ್ಲ ಕರ್ಕಾಟಕ ಸಂಕ್ರಾಂತಿ ವೃತ್ತವನ್ನು ದಾಟುತ್ತದೆ. ಅಲ್ಲಿಂದ ಆಚೆಗೆ ಸೂರ್ಯನು ಎಂದಿಗೂ ನೆತ್ತಿಯ ಮೇಲೆ ಬರುವುದಿಲ್ಲ. ಜೂನ್ ತಿಂಗಳ ನಡುಹಗಲಿನಲ್ಲಿ ಬೆಂಗಳೂರಿನಲ್ಲಿ ನಮ್ಮ ನೆರಳು ದಕ್ಷಿಣಕ್ಕೆ ಬೀಳುತ್ತದೆ. ದೆಹಲಿಯಲ್ಲಿ ವರ್ಷವಿಡೀ ಉತ್ತರಕ್ಕೇ ಬೀಳುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಪ್ರಸ್ಥಭೂಮಿಯಲ್ಲಿದ್ದರೆ, ದೆಹಲಿ ಸಮುದ್ರದಿಂದ ಬಹುದೂರದ, ಕೇವಲ 200 ಮೀಟರಿಗೆ ತುಸು ಮೇಲಿನ ಬಯಲಿನಲ್ಲಿದೆ. ಸಮುದ್ರವು ಹತ್ತಿರವಿದ್ದರೆ ಸೆಕೆಯನ್ನೂ ಚಳಿಯನ್ನೂ ಹದಗೊಳಿಸುತ್ತದೆ. ಆ ಉಪಕಾರ ದೆಹಲಿಗಿಲ್ಲ. ಆದುದರಿಂದ ಬೇಸಗೆಯಲ್ಲಿ ಉಷ್ಣತೆಯು 45 ಡಿಗ್ರಿ ಸೆಲ್ಸಿಯಸ್ಸಿಗೆ ಏರುವುದೂ, ಜನವರಿಯ ಕೆಲವು ರಾತ್ರಿಗಳಲ್ಲಿ 5 ಡಿಗ್ರಿಗಿಂತ ಕೆಳಗೆ ಇಳಿಯುವುದೂ ಉಂಟು.

ಮೈ ಕಲಿಯುವ ಪಾಠ

ನಮ್ಮ ದೇಹದ ಉಷ್ಣತೆ ಸುಮಾರು 37 ಡಿಗ್ರಿ. ಸುತ್ತಲಿನ ಗಾಳಿ ಅದಕ್ಕಿಂತ ತಂಪಾಗಿದ್ದರೆ ದೇಹದ ಶಾಖವು ತಾನಾಗಿಯೇ ಹೊರಗೆ ಹರಿಯುತ್ತದೆ. ಗಾಳಿಯೇ 45 ಡಿಗ್ರಿಯಲ್ಲಿದ್ದರೆ? ಆಗ ಶಾಖವು ಹೊರಗಿನಿಂದ ಒಳಕ್ಕೆ ಹರಿಯತೊಡಗುತ್ತದೆ. ಉಳಿಯುವ ಉಪಾಯ ಒಂದೇ, ಬೆವರು. ಒಂದು ಗ್ರಾಮು ಬೆವರು ಚರ್ಮದ ಮೇಲಿಂದ ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಮಡಕೆಯ ನೀರು ತಂಪಾಗುವುದೂ ಇದೇ ತತ್ತ್ವದಿಂದಲೇ.

ಆದರೆ ತಂಪಿನ ಊರಿನಲ್ಲಿ ಬೆಳೆದವನ ಬೆವರಿನ ಗ್ರಂಥಿಗಳಿಗೆ ಇಂಥ ದುಡಿಮೆಯ ಅಭ್ಯಾಸವಿರುವುದಿಲ್ಲ. ಅವು ತಡವಾಗಿ ಬೆವರನ್ನು ಸುರಿಸುತ್ತವೆ. ಸುರಿಸಿದಾಗ ಉಪ್ಪನ್ನೂ ಧಾರಾಳವಾಗಿ ಹೊರಗೆ ಚೆಲ್ಲುತ್ತವೆ. ಇತ್ತ ರಕ್ತವು ತಂಪಾಗಲೆಂದು ಚರ್ಮದ ಕಡೆಗೆ ನುಗ್ಗುವುದರಿಂದ ಹೃದಯದ ಮೇಲೆ ಹೊರೆ ಬೀಳುತ್ತದೆ. ನಮ್ಮ ಹುಡುಗನು ಕುಸಿದುದು ಮನಸ್ಸಿನ ದೌರ್ಬಲ್ಯದಿಂದಲ್ಲ, ಈ ಕಾರಣದಿಂದ.

ದಿನವೂ ಸ್ವಲ್ಪ ಸ್ವಲ್ಪವಾಗಿ ಸೆಕೆಯಲ್ಲಿ ಓಡಾಡಿದರೆ ಮೈಯು ಬದಲಾಗುತ್ತದೆ. ಮೊದಲ ನಾಲ್ಕೈದು ದಿನಗಳಲ್ಲಿ ರಕ್ತದ ದ್ರವಭಾಗ ಹೆಚ್ಚಿ, ನಾಡಿಯ ಬಡಿತ ಇಳಿಯುತ್ತದೆ. ಹತ್ತು ಹದಿನಾಲ್ಕು ದಿನಗಳಾಗುವಷ್ಟರಲ್ಲಿ ಬೆವರು ಬೇಗನೆ ಮೂಡುತ್ತದೆ, ಹೆಚ್ಚಾಗಿ ಹರಿಯುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗಿರುತ್ತದೆ. ದಕ್ಷಿಣ ಆಫ್ರಿಕದ ಆಳವಾದ ಚಿನ್ನದ ಗಣಿಗಳಲ್ಲಿ ಹೊಸ ಕೆಲಸಗಾರರನ್ನು ಹೀಗೆಯೇ ಕ್ರಮಕ್ರಮವಾಗಿ ಸೆಕೆಗೆ ಒಗ್ಗಿಸುವ ಪದ್ಧತಿ ಕಳೆದ ಶತಮಾನದಲ್ಲಿ ಬೆಳೆದುಬಂದಿತು. ಇಡೀ ದಿನ ತಂಪು ಯಂತ್ರದ ಮುಂದೆ ಕುಳಿತವನಿಗೆ ಈ ಲಾಭ ದೊರೆಯದು. ತಂಪಿನ ಊರಿಗೆ ಮರಳಿದರೆ ಗಳಿಸಿದ ಶಕ್ತಿಯ ಬಹುಪಾಲು ಕೆಲವೇ ವಾರಗಳಲ್ಲಿ ಕಳೆದುಹೋಗುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಒಗ್ಗಿದ ಮೈಗೂ ಮಿತಿಯಿದೆ. ಬಿಸಿಲಿನಲ್ಲಿದ್ದವನು ಅಸಂಬದ್ಧವಾಗಿ ಮಾತನಾಡತೊಡಗಿದರೆ ಅಥವಾ ಎಚ್ಚರ ತಪ್ಪಿದರೆ ಅದು ಪ್ರಾಣಾಪಾಯದ ಲಕ್ಷಣ. ಕೂಡಲೆ ನೆರಳಿಗೆ ಒಯ್ದು, ಮೈಗೆ ತಣ್ಣೀರು ಸುರಿದು ಗಾಳಿ ಬೀಸುತ್ತ, ತಡಮಾಡದೆ ವೈದ್ಯರನ್ನು ಕಾಣಿಸಬೇಕು.

ತಲೆಯೊಳಗಿನ ನಕ್ಷೆ

ಮೈ ಒಗ್ಗಿತೆಂದಿಟ್ಟುಕೊಳ್ಳೋಣ. ದಾರಿ ಗೊತ್ತಾಗಬೇಡವೇ? ದೆಹಲಿಯ ಕನಾಟ್ ಪ್ಲೇಸಿಗೆ ಹೋದ ಹೊಸಬನು ದಿಕ್ಕು ತಪ್ಪುವುದು ಸಹಜ. ಬಿಳಿಯ ಕಂಬಸಾಲುಗಳ ಆ ಕಟ್ಟಡಗಳು ದುಂಡಗೆ ಸುತ್ತುವರಿದಿವೆ. ಯಾವ ಕಡೆಯಿಂದ ನೋಡಿದರೂ ಒಂದೇ ಬಗೆ.

ಪ್ರಾಣಿಗಳು ದಾರಿಯ ತಿರುವುಗಳನ್ನು ಮಾತ್ರ ಕಂಠಪಾಠ ಮಾಡುವುದಿಲ್ಲ, ತಲೆಯೊಳಗೆ ಒಂದು ನಕ್ಷೆಯನ್ನೇ ರಚಿಸಿಕೊಳ್ಳುತ್ತವೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟೋಲ್‌ಮನ್ 1948ರಲ್ಲಿ ವಾದಿಸಿದನು. 1971ರಲ್ಲಿ ಜಾನ್ ಓಕೀಫ್ ಇಲಿಯ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ವಿಚಿತ್ರವಾದ ಕೋಶಗಳನ್ನು ಕಂಡನು. ಇಲಿಯು ಒಂದು ನಿರ್ದಿಷ್ಟ ಸ್ಥಳಕ್ಕೆ ಬಂದಾಗ ಮಾತ್ರ ಒಂದು ಕೋಶವು ಸ್ಪಂದಿಸುತ್ತಿತ್ತು. ಇನ್ನೊಂದು ಸ್ಥಳಕ್ಕೆ ಇನ್ನೊಂದು ಕೋಶ. 2005ರಲ್ಲಿ ನಾರ್ವೆಯ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ದೂರ ದಿಕ್ಕುಗಳನ್ನು ಅಳೆಯಲು ನೆರವಾಗುವ ಬೇರೊಂದು ಬಗೆಯ ಕೋಶಗಳ ಜಾಲವನ್ನು ತೋರಿಸಿಕೊಟ್ಟರು. ಈ ಮೂವರಿಗೂ 2014ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಲಂಡನ್ನಿನ ಟ್ಯಾಕ್ಸಿ ಚಾಲಕರು ಪರವಾನಗಿ ಪಡೆಯಲು ಸುಮಾರು 25,000 ಬೀದಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅದಕ್ಕೆ ಮೂರು ನಾಲ್ಕು ವರ್ಷಗಳು ಹಿಡಿಯುತ್ತವೆ. ಅವರ ಹಿಪೊಕ್ಯಾಂಪಸಿನ ಹಿಂಭಾಗ ಇತರರದಕ್ಕಿಂತ ದೊಡ್ಡದೆಂದು ಎಲೀನರ್ ಮಗ್ವೈರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದರು. ಕಲಿಕೆಯ ಮೊದಲೂ ಅನಂತರವೂ ಅಳೆದು ನೋಡಿದಾಗ, ಪರೀಕ್ಷೆಯಲ್ಲಿ ತೇರ್ಗಡೆಯಾದವರಲ್ಲಿ ಈ ಬೆಳವಣಿಗೆ ಕಂಡುಬಂದಿತೆಂದು 2011ರಲ್ಲಿ ತಿಳಿಯಿತು. ಹಾಗಾದರೆ ಹೊಸ ಊರಿಗೆ ಹೋದವರು ಮಾಡಬೇಕಾದುದೇನು? ಆಗಾಗ ಫೋನಿನ ನಕ್ಷೆಯನ್ನು ಜೇಬಿನಲ್ಲಿಟ್ಟು, ಹಗಲು ಹೊತ್ತಿನಲ್ಲಿ ಕಾಲ್ನಡಿಗೆಯಿಂದ ಓಡಾಡಬೇಕು. ದಾರಿ ತಪ್ಪಿ ಸರಿಪಡಿಸಿಕೊಂಡ ಬೀದಿ ಬಹುಕಾಲ ನೆನಪಿನಲ್ಲಿ ನಿಲ್ಲುತ್ತದೆ.

ಊರಿನ ನೆನಪು

ಕೊನೆಗೆ ಉಳಿಯುವುದು ಮನಸ್ಸು. ಸ್ವದೇಶದಿಂದ ದೂರವಿದ್ದವರನ್ನು ಕಾಡುವ ಕೊರಗನ್ನು ಯೋಹಾನ್ನೆಸ್ ಹೋಫರ್ ಎಂಬ ವೈದ್ಯನು 1688ರಲ್ಲಿ ಒಂದು ರೋಗವೆಂದೇ ಎಣಿಸಿ, ಗ್ರೀಕ್ ಭಾಷೆಯ ‘ಮರಳುವಿಕೆ’ ಮತ್ತು ‘ನೋವು’ ಎಂಬ ಪದಗಳನ್ನು ಕೂಡಿಸಿ ‘ನಾಸ್ಟಾಲ್ಜಿಯ’ ಎಂದು ಹೆಸರಿಟ್ಟನು. ಇಂದು ಅದನ್ನು ಯಾರೂ ರೋಗವೆನ್ನುವುದಿಲ್ಲ. ಕಣ್ಣು ಕಿವಿಗಳ ಸುದ್ದಿ ಮಿದುಳಿನ ಥಲಮಸ್ ಎಂಬ ನಡುಮನೆಯನ್ನು ಹಾದುಹೋಗಬೇಕು. ವಾಸನೆಯ ಸುದ್ದಿಯಾದರೋ ಅದನ್ನು ಹಾಯದೆ ಭಾವನೆ ನೆನಪುಗಳ ಕೇಂದ್ರಗಳನ್ನು ಮುಟ್ಟುತ್ತದೆ. ಒಗ್ಗರಣೆಯ ಇಂಗಿನ ಕಂಪು ಒಮ್ಮೆಲೇ ಅಮ್ಮನ ಅಡಿಗೆಮನೆಯನ್ನು ಕಣ್ಣಮುಂದೆ ತರುವುದು ಇದರಿಂದಲೇ ಇರಬೇಕು. ಊರಿನಿಂದ ಒಂದು ಡಬ್ಬಿ ಹುಳಿಪುಡಿಯನ್ನು ಒಯ್ಯುವುದರಲ್ಲಿ ನಾಚಿಕೆಪಡಬೇಕಾದುದು ಏನೂ ಇಲ್ಲ. ದೆಹಲಿಯ ರಾಮಕೃಷ್ಣಪುರದಲ್ಲಿ ಕರ್ನಾಟಕ ಸಂಘವಿದೆ. ಅಲ್ಲಿ ಕನ್ನಡದ ಮಾತು ಕಿವಿಗೆ ಬೀಳುತ್ತದೆ. ಜೊತೆಗೆ ನೆರೆಯವರ ಮಾತನ್ನೂ ಕಲಿಯಬೇಕು.

ಆ ತಾಯಿಗೆ ನಾನು ಹೇಳಿದುದು ಇಷ್ಟೆ: “ಎರಡು ವಾರ ತಡೆಯಿರಿ. ಬೆಳಗ್ಗೆ ಸಂಜೆ ಮಾತ್ರ ಹೊರಗೆ ಓಡಾಡಲಿ, ಚೆನ್ನಾಗಿ ನೀರು ಕುಡಿಯಲಿ. ಆಮೇಲೂ ಬೇಡವೆಂದರೆ ಕರೆಸಿಕೊಳ್ಳಿ.” ಹುಡುಗನು ನಿಂತನು. ದೀಪಾವಳಿಗೆ ಬಂದು ದೆಹಲಿಗೆ ಮರಳಿದಾಗ ರೈಲುನಿಲ್ದಾಣದಿಂದಲೇ ಫೋನ್ ಮಾಡಿ, “ಮನೆ ಸೇರಿದ ಮೇಲೆ ಮತ್ತೆ ಮಾತಾಡುತ್ತೇನೆ ಅಮ್ಮಾ” ಎಂದನಂತೆ. ಅವನು ಮನೆಯೆಂದದ್ದು ಆ ಬಾಡಿಗೆಯ ಕೋಣೆಯನ್ನು!

ದೂರದ ಊರಿಗೆ ಹೊರಟಿರುವ ವಿದ್ಯಾರ್ಥಿಗಳೇ, ಮೊದಲ ವಾರದ ಸಂಕಟವನ್ನು ನೋಡಿ ಆ ಊರನ್ನಾಗಲಿ, ನಿಮ್ಮನ್ನಾಗಲಿ ಅಳೆಯಬೇಡಿರಿ. ನಿಮ್ಮ ಮೈಯಲ್ಲಿಯೂ ಮಿದುಳಿನಲ್ಲಿಯೂ ಕೆಲಸ ಆಗಲೇ ಪ್ರಾರಂಭವಾಗಿರುತ್ತದೆ. ಅದಕ್ಕೆ ಬೇಕಾದ ಕಾಲವನ್ನು ಕೊಡಿರಿ.