ಪೋಡು ತೊರೆದವರ ಮನೆ

ನಮ್ಮೊಡನೆ ಮಾದಪ್ಪನಿಗೆ ಕೈಮುಗಿಯುವ ಸೋಲಿಗರ ಮನೆ ಯಾವುದೆಂದು ನಾವು ವಿಚಾರಿಸಿದ್ದು ಕಡಿಮೆ. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ ಬಿದಿರು, ಹುಲ್ಲಿನ ಗುಡಿಸಲು ಕಟ್ಟಿ, ರಾಗಿ ಬಿತ್ತಿ, ಪೋಡಿನಿಂದ ಪೋಡಿಗೆ ಸಾಗುತ್ತಿದ್ದವರು ಅವರು. 1974ರಲ್ಲಿ ಆ ಕಾಡು ವನ್ಯಜೀವಿ ಧಾಮವಾಯಿತು. ಕುಟುಂಬಗಳು ಅಂಚಿನ ಕಾಲೋನಿಗಳಿಗೆ ಬಂದವು. ಗುಂಡ್ಲುಪೇಟೆಯ ಬಂಡೀಪುರದಲ್ಲಿಯೂ 1973ರ ಹುಲಿ ಯೋಜನೆಯ ತರುವಾಯ ಕಾಡಿನ ಮಕ್ಕಳಿಗೆ ಇದೇ ಗತಿ. ಸೂರೇನೋ ದೊರೆಯಿತು, ನಿಜ. ಆದರೆ ಹಿರಿಯರು ಪೂಜಿಸಿದ ದೊಡ್ಡಸಂಪಿಗೆ ಮರ ಒಳಗೇ ಉಳಿದಿರಲು, ಅಂಚಿನ ಆ ನಾಲ್ಕು ಗೋಡೆಗಳನ್ನು ಮನೆಯೆನ್ನಲಾದೀತೇ? ಸೋಲಿಗರು ತಮ್ಮ ಪವಿತ್ರ ತಾಣಗಳನ್ನು ನಕ್ಷೆಯಲ್ಲಿ ಗುರುತಿಸಿದರು, ಗ್ರಾಮಸಭೆ ಸೇರಿದರು. 2006ರ ಅರಣ್ಯ ಹಕ್ಕು ಕಾಯಿದೆಯನ್ವಯ 2011ರಲ್ಲಿ ಸಮುದಾಯ ಹಕ್ಕುಪತ್ರಗಳು ಅವರ ಕೈಸೇರಿದವು. ಅದೇ ವರ್ಷ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆದುದು ವಿಚಿತ್ರವೇ ಸರಿ! ಜೇನು, ನೆಲ್ಲಿ ತರಲು ಕಾಡಿಗೆ ಹೋಗುವಾಗ ಇನ್ನು ಅವರು ಕಳ್ಳರಲ್ಲ.