ಇಬ್ಬರು ವಿಧವೆಯರು, ಎರಡು ಲೋಕಗಳು: ‘ಮೊಸರಿನ ಮಂಗಮ್ಮ’ ಮತ್ತು ‘ಘಟಶ್ರಾದ್ಧ’

ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಮತ್ತು ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಗಳನ್ನು ಒಟ್ಟಿಗಿಟ್ಟು ನೋಡುವಾಗ ನವೋದಯದ ಸಮನ್ವಯ ಮತ್ತು ನವ್ಯದ ಪ್ರತಿಭಟನೆ ಎಂಬ ಎರಡು ಮಾತುಗಳಲ್ಲಿ ವ್ಯತ್ಯಾಸವನ್ನು ಮುಗಿಸಿಬಿಡುವ ರೂಢಿ ನಮ್ಮ ತರಗತಿಗಳಲ್ಲಿದೆ. ಆ ಮಾತು ಸುಳ್ಳಲ್ಲ. ಆದರೆ ಅದು ಲೇಖಕರ ಮನೋಧರ್ಮವನ್ನು ಹೇಳುತ್ತದೆಯೇ ಹೊರತು ಕಥೆಯೊಳಗಿನ ವ್ಯಕ್ತಿಗಳ ಸ್ಥಿತಿಯನ್ನಲ್ಲ. ಒಂದು ಸಂಘರ್ಷ ರಾಜಿಯಲ್ಲಿಯೂ ಇನ್ನೊಂದು ಬಹಿಷ್ಕಾರದಲ್ಲಿಯೂ ಕೊನೆಗೊಳ್ಳುವುದಕ್ಕೆ ಆ ಹೆಂಗಸರು ನಿಂತಿರುವ ನೆಲವೇ ಬಹುಮಟ್ಟಿಗೆ ಕಾರಣವೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸಲಾಗಿದೆ.

ಇಬ್ಬರೂ ವಿಧವೆಯರೆಂಬ ಸಂಗತಿ ಹೋಲಿಕೆಯ ಸಂದರ್ಭದಲ್ಲಿ ಸಾಮಾನ್ಯವಾಗಿ ಮರೆತುಹೋಗುತ್ತದೆ. ಮಂಗಮ್ಮ ಬೆಂಗಳೂರಿನ ಸಮೀಪದ ಹಳ್ಳಿಯವಳು. ನಗರಕ್ಕೆ ಬಂದು ಮೊಸರು ಮಾರುವವಳು. ಮೊಮ್ಮಗನನ್ನು ಹೊಡೆದ ವಿಷಯದಲ್ಲಿ ಸೊಸೆ ನಂಜಮ್ಮನೊಡನೆ ಜಗಳವಾಗುತ್ತದೆ, ಮಗ ಹೆಂಡತಿಯ ಪಕ್ಷ ವಹಿಸುತ್ತಾನೆ, ಅಡುಗೆ ಬೇರೆಯಾಗುತ್ತದೆ. ಯಮುನಕ್ಕ ಮಲೆನಾಡಿನ ಅಗ್ರಹಾರದಲ್ಲಿ ವೇದ ಪಾಠ ಹೇಳುವ ಉಡುಪರ ಮಗಳು. ಶಾಲೆಯ ಮೇಷ್ಟ್ರೊಡನೆ ಬೆಳೆದ ಸಂಬಂಧದಿಂದ ಆಕೆ ಗರ್ಭಿಣಿಯಾಗುತ್ತಾಳೆ.

ಮಂಗಮ್ಮನ ಒಂಟಿತನದ ಸುತ್ತಲೂ ಆಸೆಯ ಸುಳಿವು ಸುಳಿಯದೆ ಇಲ್ಲ. ಆಕೆ ಮಖಮಲ್ಲಿನ ರವಿಕೆ ಹೊಲಿಸಿಕೊಳ್ಳುತ್ತಾಳೆ, ಊರು ಆಡಿಕೊಳ್ಳುತ್ತದೆ. ರಂಗಪ್ಪನೆಂಬವನು ಸಾಲದ ನೆಪದಲ್ಲಿ ಹತ್ತಿರ ಬರುತ್ತಾನೆ. ಮಾಸ್ತಿಯವರು ಇದನ್ನೆಲ್ಲ ಮುಗುಳ್ನಗೆಯೊಡನೆ ನಿರೂಪಿಸಿ ಮುಂದೆ ಸಾಗುತ್ತಾರೆ. ಒಬ್ಬಳಿಗೆ ಊರಿನ ಹರಟೆಯಷ್ಟೇ ಆಗಿ ಕರಗಿಹೋಗುವ ಸಂಗತಿ ಇನ್ನೊಬ್ಬಳನ್ನು ಬದುಕಿರುವಾಗಲೇ ಸತ್ತವಳನ್ನಾಗಿಸುತ್ತದೆ. ಮಂಗಮ್ಮನ ಗಂಟಿನಲ್ಲಿ ತಾನೇ ದುಡಿದ ಹಣವಿದೆ. ಅದನ್ನು ಎಲ್ಲಿಡಬೇಕೆಂದು ಅವಳು ನಿರೂಪಕಿಯನ್ನು ಕೇಳುತ್ತಾಳೆ. ಆ ಹಣ ರಂಗಪ್ಪನ ಪಾಲಾದೀತೆಂಬ ಭಯ ಸೊಸೆಯ ಮನಸ್ಸನ್ನೂ ತಿರುಗಿಸುತ್ತದೆ. ರಾಜಿಯ ಹಿಂದೆ ವಾತ್ಸಲ್ಯವಿರುವಷ್ಟೇ ಲೆಕ್ಕಾಚಾರವೂ ಇದೆ. ಮಾಸ್ತಿಯವರನ್ನು ಕೇವಲ ಸೌಮ್ಯ ಕಥೆಗಾರರೆನ್ನುವವರು ಈ ಅಂಶವನ್ನು ಗಮನಿಸಬೇಕು. ಯಮುನಕ್ಕನಿಗೆ ಇಂಥ ಗಂಟಿಲ್ಲ. ತಂದೆಯ ಮನೆಯೊಂದೇ ನೆಲೆ.

ಪರಿಸರದ ವಿಷಯ ಇದಕ್ಕೆ ಹೊಂದಿಕೊಂಡೇ ಇದೆ. ಮಂಗಮ್ಮನ ಕಥೆ ನಡೆಯುವುದು ಹಳ್ಳಿಯಲ್ಲಿ, ಆದರೆ ನಾವು ಅದನ್ನು ಕೇಳುವುದು ನಗರದ ಒಂದು ಮನೆಯಲ್ಲಿ. ಮೊಸರು ಕೊಳ್ಳುವ ಗೃಹಿಣಿಯೇ ನಿರೂಪಕಿ. ವ್ಯಾಪಾರದ ನಿಮಿತ್ತ ದೊರೆತ ಆ ಜಾಗ ಮಂಗಮ್ಮನ ಪಾಲಿಗೆ ಒಂದು ಎರಡನೆಯ ಆವರಣ. ಅಲ್ಲಿ ಕೂತು ಅವಳು ದುಃಖವನ್ನು ಹೇಳಿಕೊಳ್ಳಬಹುದು, ಕಾಗೆ ಮುಟ್ಟಿದ ಅಪಶಕುನಕ್ಕೆ ಸಮಾಧಾನ ಕೇಳಬಹುದು. ಅಗ್ರಹಾರಕ್ಕೆ ಅಂಥ ಎರಡನೆಯ ಆವರಣವಿಲ್ಲ. ಮನೆಯಿಂದಾಚೆಗೆ ಇರುವುದು ಕಾಡು, ಮತ್ತು ಅಗ್ರಹಾರವು ಅಸ್ಪೃಶ್ಯವೆಂದು ದೂರವಿಟ್ಟ ಕಟೀರನ ಲೋಕ. ಮಡಿವಂತ ಕುಟುಂಬದ ಹೆಣ್ಣಿಗೆ ಅವೆರಡೂ ತೆರೆದ ದಾರಿಗಳಲ್ಲ. ಹುತ್ತದೊಳಗೆ ಕೈಯಿಡುವ ಯಮುನಕ್ಕನ ಚಿತ್ರವನ್ನು ಪ್ರತಿಮೆಯೆಂದು ವಿಶ್ಲೇಷಿಸುವುದು ಸುಲಭ. ಹೋಗಲು ಬೇರೆ ಸ್ಥಳವೇ ಇರಲಿಲ್ಲವೆಂಬುದು ಅದರ ಮೊದಲ ಅರ್ಥ.

ಎರಡೂ ಕಥೆಗಳಲ್ಲಿ ಒಂದು ಮಗುವಿದೆ. ಮಂಗಮ್ಮನ ಮೊಮ್ಮಗ ಅಜ್ಜಿಯ ಬಳಿಗೆ ಬಂದುಬಿಡುತ್ತಾನೆ. ಒಡೆದ ಮನೆ ಅವನ ನೆಪದಲ್ಲಿ ಕೂಡಿಕೊಳ್ಳುತ್ತದೆ. ‘ಘಟಶ್ರಾದ್ಧ’ದ ಬಾಲಕ ಪಾಠಕ್ಕೆಂದು ಉಡುಪರ ಮನೆಗೆ ಬಂದವನು, ಕಥೆಯ ನಿರೂಪಕನೂ ಅವನೇ. ಯಮುನಕ್ಕನ ಅಕ್ಕರೆಗೆ ಪಾತ್ರನಾದ ಅವನು ಹಿರಿಯ ವಟುಗಳ ಕುಹಕದ ನಡುವೆ ಅವಳ ಪರ ನಿಲ್ಲುತ್ತಾನೆ, ಕತ್ತಲೆಯಲ್ಲಿ ಅವಳ ಜೊತೆ ನಡೆಯುತ್ತಾನೆ. ಆದರೆ ಅವನ ನಿಷ್ಠೆಗೆ ಯಾವ ಅಧಿಕಾರವೂ ಇಲ್ಲ. ಕೊನೆಗೆ ತಂದೆ ಬಂದು ಅವನನ್ನು ಕರೆದೊಯ್ಯುತ್ತಾನೆ. ಬಾಲಕನಿಗೆ ಅರ್ಥವಾಗದ್ದು ಓದುಗನಿಗೆ ಅರ್ಥವಾಗುತ್ತ ಹೋಗುವುದರಿಂದ, ತಿಳಿದೂ ಏನೂ ಮಾಡಲಾಗದವನ ಸಂಕಟ ಓದುಗನದೂ ಆಗುತ್ತದೆ. 1977ರಲ್ಲಿ ಗಿರೀಶ ಕಾಸರವಳ್ಳಿಯವರು ಇದನ್ನು ಚಲನಚಿತ್ರವಾಗಿಸಿದಾಗಲೂ ಬಾಲಕನ ನೋಟವೇ ಚಿತ್ರದ ಆಧಾರವಾಯಿತು. ಹೊರನಾಡಿನ ಹಲವು ಓದುಗರು ಈ ಕಥೆಯನ್ನು ಅರುಣ್ ಕೌಲ್ ಅವರ ‘ದೀಕ್ಷಾ’ (1991) ಎಂಬ ಹಿಂದಿ ಚಿತ್ರದ ಮೂಲಕವೂ ಬಲ್ಲರು.

ಶೀರ್ಷಿಕೆಗಳನ್ನೂ ನೋಡಬಹುದು. ಮಂಗಮ್ಮನ ಹೆಸರಿಗೆ ಅವಳ ದುಡಿಮೆಯೇ ವಿಶೇಷಣ. ಇನ್ನೊಂದು ಕಥೆಯ ಶೀರ್ಷಿಕೆಯಲ್ಲಿ ಹೆಣ್ಣಿನ ಹೆಸರಿಲ್ಲ. ಅವಳ ಮೇಲೆ ನಡೆದ ಕ್ರಿಯೆಯ ಹೆಸರಿದೆ. ಘಟಶ್ರಾದ್ಧವೆಂದರೆ ಜಾತಿಯಿಂದ ಹೊರಹಾಕಿದವರು ಬದುಕಿರುವಾಗಲೇ ದೇಹದ ಬದಲು ಗಡಿಗೆಯನ್ನಿಟ್ಟು ಮಾಡುವ ಅಪರಕರ್ಮ. ಇದನ್ನು ನೆರವೇರಿಸುವವನು ಹೆತ್ತ ತಂದೆ. ಉಡುಪರನ್ನು ಖಳನನ್ನಾಗಿ ಓದುವುದು ಕಥೆಗೆ ನ್ಯಾಯವಲ್ಲ. ಕರ್ಮವು ಕರ್ತೃವಿಗಿಂತ ದೊಡ್ಡದಾಗಿರುವ ವ್ಯವಸ್ಥೆಯಲ್ಲಿ ಅವರೂ ಒಬ್ಬ ನಿರ್ವಾಹಕ. ಮಂಗಮ್ಮನ ಕಥೆಯಲ್ಲಿ ಇಂಥ ವ್ಯವಸ್ಥೆಯ ಕಟುತನ ಕಾಣಿಸಿಕೊಳ್ಳುವುದಿಲ್ಲ. ಅಲ್ಲಿ ಸಂಘರ್ಷ ಮನುಷ್ಯ ಮನುಷ್ಯರ ನಡುವಿನದು.

ಹೀಗಿದ್ದೂ ಒಂದು ವಿಷಯದಲ್ಲಿ ಹಳೆಯ ಕಥೆಯೇ ಹೆಚ್ಚು ಉದಾರವಾದುದೆಂದು ನನ್ನ ಭಾವನೆ. ಮಂಗಮ್ಮ ಕಥೆಯುದ್ದಕ್ಕೂ ಮಾತನಾಡುತ್ತಾಳೆ. ಕೊನೆಗೆ ಮೊಸರು ತರುವ ನಂಜಮ್ಮನೂ ತನ್ನ ಪಕ್ಷವನ್ನು ಹೇಳುತ್ತಾಳೆ, ಅಲ್ಲಿಯವರೆಗೆ ನಾವು ನಂಬಿದ್ದ ಅತ್ತೆಯ ಮಾತು ಅರ್ಧ ಸತ್ಯವೆಂದು ತಿಳಿಯುತ್ತದೆ. (ಇಬ್ಬರನ್ನೂ ಕೇಳಿದ ನಿರೂಪಕಿಯ ಸಾಮಾನ್ಯೀಕರಣವು ಕಥೆಗೆ ಅನಿವಾರ್ಯವಾಗಿತ್ತೇ ಎಂಬುದು ಬೇರೆ ಪ್ರಶ್ನೆ.) ಯಮುನಕ್ಕನಾದರೋ ಬಾಲಕನ ಕಣ್ಣಿನಲ್ಲಿ ಮಾತ್ರ ಬದುಕುತ್ತಾಳೆ. ಅವಳ ಭಯವನ್ನು ನಾವು ಕಾಣುತ್ತೇವೆ. ಅವಳ ಆಸೆಯನ್ನು, ಮೇಷ್ಟ್ರ ಬಗೆಗಿನ ಅವಳ ನಂಬಿಕೆಯನ್ನು ಅವಳದೇ ಮಾತಿನಲ್ಲಿ ಕೇಳುವುದಿಲ್ಲ. ವೈದೇಹಿಯವರ ‘ಅಕ್ಕು’ ಕಥೆಯನ್ನು ಈ ಎರಡರ ಮುಂದೆ ಮೂರನೆಯದಾಗಿ ಇಟ್ಟು ಓದಿದರೆ, ಗಂಡನಿಲ್ಲದೆ ತವರಿನಲ್ಲಿ ಉಳಿದು, ಮನೆಯವರಿಂದ ಹುಚ್ಚಿಯೆನ್ನಿಸಿಕೊಂಡವಳು ಬಾಯಿ ತೆರೆದಾಗ ಏನಾಗುತ್ತದೆಂಬುದನ್ನು ಕಾಣಬಹುದು.