ಕಳ್ಳ ಗಿಡದ ಗಡಿಯಾರ

ಭೀಮಾ ದಂಡೆಯ ದೇವಣಗಾಂವದ ಕಡೆ ಈಗ ಎಷ್ಟೇ ಕಬ್ಬು ಬೆಳೆಯಲಿ, ತಾಟಿನೊಳಗಿನ ರೊಟ್ಟಿ ಇನ್ನೂ ಜೋಳದ್ದೇ. ಆ ಜೋಳದ ಹಳೆಯ ವೈರಿ ಬಿಳಿ ಕಸ. ಹೊಲದಲ್ಲಿ ಹಸಿ ಇದ್ದರೂ ಬೆಳೆ ನೀರು ಕಾಣದಂತೆ ಬಾಡುತ್ತದೆ. ಬುಡಕ್ಕೆ ಬಗ್ಗಿ ನೋಡಿದರೆ ಗೇಣುದ್ದದ ಗಿಡ, ಪುಟ್ಟ ಬಿಳಿ ಹೂ. ಮೆಲ್ಲಗೆ ಮಣ್ಣು ಬಿಡಿಸಿದರೆ ಅದರ ಬೇರು ಜೋಳದ ಬೇರಿಗೆ ಬಾಯಿ ಹಚ್ಚಿರುತ್ತದೆ. ತಲೆ ಎತ್ತುವ ಹೊತ್ತಿಗೆ ಅರ್ಧ ಕಳವು ಮುಗಿದೇ ಹೋಗಿರುತ್ತದೆ.

ಶಾಸ್ತ್ರದ ಹೆಸರು ಸ್ಟ್ರೈಗಾ ಏಷಿಯಾಟಿಕಾ. 1956ರಲ್ಲಿ ಅಮೆರಿಕದ ಕ್ಯಾರೊಲಿನಾದ ಮೆಕ್ಕೆಜೋಳದಲ್ಲಿ ಇದು ಕಾಣಿಸಿಕೊಂಡಾಗ ಗುರುತು ಹಿಡಿದವನು ಭಾರತದಿಂದ ಓದಲು ಹೋಗಿದ್ದ ವಿದ್ಯಾರ್ಥಿ. ಊರ ಕಳ್ಳನ ಗುರುತು ಊರವನಿಗೇ ಸಿಗಬೇಕಲ್ಲ!

ಇದು ಹುಟ್ಟಾ ಕಳ್ಳನೇನಲ್ಲ. ಇದರ ಪೂರ್ವಜರು ಬಿಸಿಲು ನಂಬಿ ದುಡಿದುಂಡವರು. ಹೂಬಿಡುವ ಸಸ್ಯಗಳಲ್ಲಿ ಹೀಗೆ ದಾರಿ ತಪ್ಪಿದ್ದು ಬೇರೆ ಬೇರೆ ಕುಲಗಳಲ್ಲಿ ಸುಮಾರು 12 ಸಲ. 2013ರಲ್ಲಿ ವಿಜ್ಞಾನಿ ಲಿಂಡೆಲ್ ಬ್ರೋಮ್‌ಹ್ಯಾಮ್ ಮತ್ತು ಸಂಗಡಿಗರು ಇಂಥ ಕಳ್ಳರನ್ನು ಅವರ ದುಡಿಯುವ ದಾಯಾದಿಗಳ ಪಕ್ಕದಲ್ಲಿಟ್ಟು ನೋಡಿದರು. ಕೋಶಕೇಂದ್ರ, ಮೈಟೊಕಾಂಡ್ರಿಯ, ಹರಿತ್ಕಣ, ಮೂರೂ ಕಡೆಯ ಡಿಎನ್‌ಎ ಕಳ್ಳರಲ್ಲೇ ಬೇಗ ಬದಲಾಗುತ್ತಿತ್ತು; ಅವರ ಗಡಿಯಾರವೇ ಬೇಗ ಓಡಿದಂತೆ.

ಏಕೆ? ಬಳಸದ ಕುಡುಗೋಲಿಗೆ ತುಕ್ಕು ಹಿಡಿಯುತ್ತದೆ. ಆಹಾರ ತಯಾರಿಸುವ ಕೆಲಸವೇ ನಿಂತರೆ ಆ ಜೀನ್‌ಗಳಲ್ಲಿ ತಪ್ಪು ನುಸುಳಿದರೂ ಕೇಳುವವರಿಲ್ಲ. ಅಮೆರಿಕದ ಎಪಿಫೇಗಸ್ ಎಂಬ ಗಿಡ ಪೂರಾ ಕಳ್ಳ, ಹಸಿರೇ ಇಲ್ಲ. ಅದರ ಹರಿತ್ಕಣದ ಡಿಎನ್‌ಎಯಲ್ಲಿ ಉಳಿದದ್ದು 70,028 ಅಕ್ಷರ ಎಂದು 1992ರಲ್ಲಿ ಗೊತ್ತಾಯಿತು. ತಂಬಾಕಿನಲ್ಲಿ ಅದು ಒಂದೂವರೆ ಲಕ್ಷ ದಾಟುತ್ತದೆ. ನಮ್ಮ ಬಿಳಿ ಕಸ ಅರೆಗಳ್ಳ. ಎಲೆ ಇನ್ನೂ ಹಸಿರಾಗಿದೆ, ಅಷ್ಟು ತುಕ್ಕು ಹಿಡಿದಿಲ್ಲ. ಆದರೆ ತುಕ್ಕಿನ ಮಾತು ಹರಿತ್ಕಣಕ್ಕೆ ಒಪ್ಪಿದಷ್ಟು ಉಳಿದೆರಡಕ್ಕೆ ಒಪ್ಪುವುದಿಲ್ಲ. ಬೇಗ ಮುಗಿಯುವ ತಲೆಮಾರು, ಆಸರೆ ಗಿಡದೊಂದಿಗಿನ ಪೈಪೋಟಿ ಎಂದೆಲ್ಲ ಹೇಳುತ್ತಾರೆ; ಒಂದೇ ಕಾರಣ ಎಲ್ಲ ಕುಲಗಳಿಗೂ ಹೊಂದುತ್ತಿಲ್ಲ.

ಕಳೆದುಕೊಂಡದ್ದಷ್ಟೇ ಕಥೆಯೂ ಅಲ್ಲ. 2019ರಲ್ಲಿ ಬಿಳಿ ಕಸದ ಪೂರ್ತಿ ಜೀನೋಮ್ ಓದಿದಾಗ, ಬೇರಿನ ವಾಸನೆ ಹಿಡಿಯುವ ಜೀನ್‌ಗಳು ಒಂದರಿಂದ ಹಲವಾಗಿ ಬೆಳೆದದ್ದು ಕಂಡಿತು. ಜೋಳದ ಬೇರು ಸ್ರವಿಸುವ ರಾಸಾಯನಿಕದ ಸುಳಿವು ಸಿಗುವವರೆಗೆ ಬೀಜ ಏಳುವುದಿಲ್ಲ. ಹತ್ತು ವರ್ಷ ದಾಟಿದರೂ ಮಣ್ಣಲ್ಲಿ ಕಾಯಬಲ್ಲದು.

ಈ ಮೂಗೇ ಅದಕ್ಕೆ ಮುಳುವು. ಅಂಥ ರಾಸಾಯನಿಕ ಮೊದಲು ಸಿಕ್ಕಿದ್ದು 1966ರಲ್ಲಿ, ಹತ್ತಿಯ ಬೇರಿನಲ್ಲಿ. ಹತ್ತಿಯ ವಾಸನೆಗೆ ಬೀಜ ಮೊಳೆಯುತ್ತದೆ, ಅಂಟಿಕೊಳ್ಳಲಾಗದೆ ಸಾಯುತ್ತದೆ. ಕಸ ಬಿದ್ದ ಹೊಲಕ್ಕೆ ಮರುವರ್ಷ ಹತ್ತಿ ಹಾಕಿ. ಕಂಡ ಗಿಡವನ್ನು ಹೂವಾಗುವ ಮೊದಲೇ ಕಿತ್ತುಬಿಡಿ; ಒಂದೊಂದು ಗಿಡ ಉದುರಿಸುವುದು ಹತ್ತಾರು ಸಾವಿರ ಬೀಜ.